ಸೂರ್ಯ ಬಂದಮೇಲೂ ಇವರೇಕೆ ಮಾತಾಡುತ್ತಿಲ್ಲ?

ಅಕ್ಕಾ, ನಾವು ಗದಗ ಜಿಲ್ಲೆಯವರು. ಮದುವೆಯಾದಾಗಿನಿಂದ ಗೋವಾದಲ್ಲಿ, ವಾಸ್ಕೊ ಹತ್ತಿರ ಇದ್ದೇವೆ. ನಮ್ಮ ಮನೆಯವರು ಡೀಸೆಲ್ ಮೆಕ್ಯಾನಿಕ್. ಜನರೇಟರ್ ಕೆಲಸದಲ್ಲಿ ಕೈ ಪಳಗಿದವರು. ಹೋದ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಮೈತ್ರಿ ಕೇಂದ್ರಕ್ಕೆ ವಿಂಟರ್ ಟೀಮಿನಲ್ಲಿ ಹೋಗಿದ್ದಾರೆ. ಬರುವುದು ಬರುವ ವರ್ಷ. ಸಂಬಳ ಚೆನ್ನಾಗಿದೆ, ಸಾಲ ತೀರುತ್ತದೆ, ಹೆಸರೂ ಬರುತ್ತದೆ ಎಂದು ನಾನೇ ಹುರುಪು ಕೊಟ್ಟು ಕಳಿಸಿದೆ.

ಮೊದಲು ದಿನಾ ವಿಡಿಯೊ ಕಾಲ್ ಮಾಡುತ್ತಿದ್ದರು. ಹಿಮ ತೋರಿಸುತ್ತಿದ್ದರು, ಮಗನಿಗೆ ಪೆಂಗ್ವಿನ್ ಫೋಟೊ ಕಳಿಸುತ್ತಿದ್ದರು. ಮೇ ತಿಂಗಳಲ್ಲಿ ಸೂರ್ಯ ಮುಳುಗಿತು, ಎರಡು ತಿಂಗಳು ಬರೀ ಕತ್ತಲೆ ಎಂದಾಗ ನನಗೆ ಹೆದರಿಕೆಯಾಗಿತ್ತು. ಆದರೆ ಆಗಲೂ ಚೆನ್ನಾಗಿಯೇ ಇದ್ದರು. ಜೂನಿನಲ್ಲಿ ದೊಡ್ಡ ಹಬ್ಬ ಮಾಡಿ ಕುಣಿದರಂತೆ. ಜುಲೈ ಕೊನೆಗೆ ಸೂರ್ಯ ಬಂತು. ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಅಲ್ಲಿಂದಲೇ ಎಲ್ಲ ಕೆಟ್ಟಿತು. ಈಗ ವಾರಕ್ಕೊಮ್ಮೆ ಫೋನು, ಅದೂ ಎರಡು ಮಾತು. ನಾನು ಮಾತಾಡುತ್ತಿದ್ದರೆ ಎಲ್ಲೋ ನೋಡುತ್ತಾ ಕೂತಿರುತ್ತಾರೆ. ಮಗನ ಹುಟ್ಟುಹಬ್ಬ ಮರೆತರು. ಮಳೆಗೆ ಮನೆ ಸೋರುತ್ತಿದೆ, ಶೀಟು ಬದಲಿಸಬೇಕು ಎಂದರೆ, ‘ಇದನ್ನ ನನಗ್ಯಾಕ ಹೇಳಾಕತ್ತಿ? ನಾ ಏನ್ ಇಲ್ಲಿಂದ ಹಾರಿ ಬರ್ಲ್ಯಾ?’ ಎಂದು ರೇಗಿದರು. ನಾನು ಕಟ್ಟಿಕೊಟ್ಟ ಉಪ್ಪಿನಕಾಯಿಯ ಡಬ್ಬಿಯನ್ನು ಯಾರೋ ಕೇಳದೆ ಖಾಲಿ ಮಾಡಿದರಂತೆ, ಆ ಮನುಷ್ಯನ ಜೊತೆ ಮಾತು ಬಿಟ್ಟಿದ್ದಾರಂತೆ. ಇಷ್ಟು ಸಣ್ಣವರಲ್ಲ ಅಕ್ಕಾ ಇವರು.

ಅತ್ತೆಯವರು, ‘ಇವ ನನ್ನ ಮಗ ಅಲ್ಲ ಬಿಡು, ಯಾರೋ ಬ್ಯಾರೆ ಮನಷ್ಯಾ ಕುಂತಾನ’ ಎಂದು ಅಳುತ್ತಾರೆ. ಮೈದುನ ದಕ್ಷಿಣ ಆಫ್ರಿಕಾದವರ ಕೇಂದ್ರದಲ್ಲಿ ಒಬ್ಬ ಜೊತೆಗಾರರ ಮೇಲೆಯೇ ಕೈಮಾಡಿದ ಸುದ್ದಿಯ ವಿಡಿಯೊ ತೋರಿಸಿದ. ಊರಿನ ಸಂಬಂಧಿಕರೊಬ್ಬರು, ‘ಈಗ ಅಲ್ಲಿಗೆ ಹೆಂಗಸರೂ ಹೋಗ್ತಾರಂತಲ್ಲ’ ಎಂದು ನಕ್ಕರು. ನನಗೆ ರಾತ್ರಿ ನಿದ್ದೆಯಿಲ್ಲ. ಇವರಿಗೆ ಏನಾದರೂ ಕಾಯಿಲೆಯೇ? ನಮ್ಮ ಮೇಲಿನ ಮನಸ್ಸೇ ಹೋಯಿತೇ? ಇವರನ್ನು ಕಳಿಸಿದ, ಸಡಾದಲ್ಲಿರುವ ಆಫೀಸಿಗೆ ಹೋಗಿ ವಾಪಸ್ ಕರೆಸಿ ಎಂದು ಕೇಳಲೇ? ಕೇಳಿದರೆ ಇವರ ಕೆಲಸಕ್ಕೆ ಕುತ್ತು ಬರುತ್ತದೆಯೇ?

– ಹೆಸರು ಬೇಡ, ವಾಸ್ಕೊ, ಗೋವಾ

ತಂಗೀ, ಉತ್ತರಗಳನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವು ಬರೆದಿರುವಷ್ಟನ್ನು ನೋಡಿದರೆ ಇದು ಹುಚ್ಚೂ ಅಲ್ಲ, ಮನಸ್ಸು ಬೇರೆಡೆ ಹೋದದ್ದೂ ಅಲ್ಲ. ಧ್ರುವಪ್ರದೇಶದಲ್ಲಿ ಚಳಿಗಾಲ ಕಳೆದವರಲ್ಲಿ ಬಹಳ ಜನ ಹಾದು ಬಂದಿರುವ ಒಂದು ಘಟ್ಟ. ವಾಪಸ್ ಕರೆಸುವ ಮಾತು ಈಗ ಬೇಡ, ಅದು ಹೆಚ್ಚುಕಡಿಮೆ ಆಗದ ಕೆಲಸವೂ ಹೌದು. ಆದರೆ ಕೆಲವು ಲಕ್ಷಣ ಕಂಡರೆ ಆಫೀಸಿಗೆ ಹೇಳಲೇಬೇಕು, ಹೆದರದೆ ಹೇಳಬೇಕು. ಅವು ಯಾವುವು ಎಂದು ಮುಂದೆ ಬರೆದಿದ್ದೇನೆ.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ‘ಸೂರ್ಯ ಬಂತು, ಅಲ್ಲಿಂದಲೇ ಎಲ್ಲ ಕೆಟ್ಟಿತು’ ಎನ್ನುವುದು. ನಿಮಗೆ ಅದು ವಿಚಿತ್ರವಾಗಿ ಕಂಡಿದೆ. ಚಳಿಗಾಲದ ತಂಡಗಳನ್ನು ಗಮನಿಸಿದವರಿಗೆ ಅದೇನೂ ಹೊಸದಲ್ಲ. ದೀರ್ಘಕಾಲ ಮುಚ್ಚಿದ ಜಾಗದಲ್ಲಿ ಇರುವವರಿಗೆ ಅತಿ ಕಷ್ಟದ ಕಾಲ ಮೊದಲನೆಯದೂ ಅಲ್ಲ, ಕೊನೆಯದೂ ಅಲ್ಲ, ಅರ್ಧ ದಾಟಿದ ನಂತರದ ಕಾಲು ಭಾಗ ಎಂದು 1990ರ ದಶಕದ ಆರಂಭದಲ್ಲೇ ಮನಶ್ಶಾಸ್ತ್ರಜ್ಞರು ಬರೆದರು. ಮುಂದೆ ನಡೆದ ಅಧ್ಯಯನಗಳಲ್ಲಿ ಕೆಲವು ಇದನ್ನು ಒಪ್ಪಿವೆ, ಕೆಲವು ಎಲ್ಲರಲ್ಲೂ ಹೀಗಾಗುವುದಿಲ್ಲ ಎಂದಿವೆ. ಆದರೆ ನಿಮ್ಮ ಮನೆಯವರ ಲೆಕ್ಕ ಹಾಕಿ ನೋಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೇಸಿಗೆಯ ತಂಡ ಜೊತೆಗಿತ್ತು, ಮೊದಮೊದಲು ಹಗಲು ಮುಗಿಯುತ್ತಲೇ ಇರಲಿಲ್ಲ, ಕಂಡದ್ದೆಲ್ಲ ಹೊಸದು. ಆಮೇಲೆ ಬೇಸಿಗೆಯವರು ಹೊರಟರು. ಕತ್ತಲೆಗೆ ಕಾಯುವ ಒಂದು ಕುತೂಹಲವಿತ್ತು, ಕತ್ತಲೆ ಬಂದಮೇಲೆ ಜೂನ್ 21ರ ನಡುಚಳಿಗಾಲದ ಹಬ್ಬವಿತ್ತು. ಅಂದು ಅಂಟಾರ್ಕ್ಟಿಕಾದ ಎಲ್ಲ ದೇಶಗಳ ಕೇಂದ್ರಗಳೂ ಒಂದಕ್ಕೊಂದು ಶುಭಾಶಯ ಕಳಿಸಿ ದೊಡ್ಡ ಊಟ ಮಾಡುತ್ತವೆ. ನಿಮ್ಮವರು ಕುಣಿದದ್ದು ಅದರಲ್ಲೇ. ಆನಂತರ ಸೂರ್ಯನಿಗೆ ಕಾದರು, ಸೂರ್ಯನೂ ಬಂತು. ಈಗ ಕಾಯಲು ಏನಿದೆ? ನವೆಂಬರಿನ ಮೊದಲ ವಿಮಾನ. ಅದಕ್ಕೆ ಇನ್ನೂ ತಿಂಗಳುಗಳಿವೆ. ಘಟ್ಟ ಹತ್ತುವಾಗ ನಡುಗದ ಕಾಲು ಇಳಿಯುವಾಗ ನಡುಗುತ್ತದಲ್ಲ, ಅವರದು ಈಗ ಆ ಸ್ಥಿತಿ. ಸೂರ್ಯ ಬಂದರೂ ಚಳಿ ಹೋಗಿಲ್ಲ. ಆಗಸ್ಟ್ ಅಲ್ಲಿ ಇನ್ನೂ ಕಡು ಚಳಿಗಾಲವೇ.

ಇದರ ಜೊತೆಗೆ ದೇಹದ ಪಾಡೂ ಇದೆ. ಹಗಲು–ರಾತ್ರಿ ಗುರುತಿಲ್ಲದೆ ಎರಡು ತಿಂಗಳು ಕಳೆದವರಿಗೆ ನಿದ್ದೆಯ ಲಯ ತಪ್ಪಿರುತ್ತದೆ. ಚಳಿಯಲ್ಲಿ ತಿಂಗಳುಗಟ್ಟಲೆ ಇದ್ದವರ ದೇಹ ಥೈರಾಯ್ಡ್ ಹಾರ್ಮೋನನ್ನು ಬಳಸುವ ರೀತಿಯೇ ಬದಲಾಗುತ್ತದೆ, ವೈದ್ಯರು ಇದನ್ನು ಪೋಲಾರ್ ಟಿ-3 ಸಿಂಡ್ರೋಮ್ ಎನ್ನುತ್ತಾರೆ. ಮರೆವು, ಮಂಕು, ಸಿಡುಕು ಇವಕ್ಕೆ ಅದರ ನಂಟಿದೆ. ಮಾತಾಡುತ್ತಿರುವಾಗಲೇ ಎಲ್ಲೋ ನೋಡುತ್ತಾ ಕೂತುಬಿಡುವ ಆ ನೋಟಕ್ಕೂ ಅಲ್ಲಿನವರಲ್ಲಿ ಒಂದು ಹೆಸರಿದೆ, ‘ಅಂಟಾರ್ಕ್ಟಿಕ್ ಸ್ಟೇರ್’ ಎಂದು. ಹೆಸರಿಡುವಷ್ಟು ಜನರಿಗೆ ಆಗಿದೆ ಎಂದಾಯಿತು. ಮಗನ ಹುಟ್ಟುಹಬ್ಬ ಮರೆತದ್ದನ್ನು ಮಗನ ಮೇಲಿನ ಪ್ರೀತಿಯ ಲೆಕ್ಕಕ್ಕೆ ಹಾಕಬೇಡಿ. ಅಲ್ಲಿ ತಾರೀಖು ನೆನಪಿಡಲು ಶಾಲೆಯ ಗಂಟೆಯಿಲ್ಲ, ಭಾನುವಾರದ ಸಂತೆಯಿಲ್ಲ. ಹಿಂದಿನ ದಿನ ನೀವೇ ಒಂದು ಸಂದೇಶ ಹಾಕಿ ನೆನಪಿಸಿದರೆ ಯಾರ ಮಾನವೂ ಹೋಗುವುದಿಲ್ಲ.

ಇನ್ನು ಉಪ್ಪಿನಕಾಯಿ. ನಿಮಗೆ ನಾಚಿಕೆಯಾದಂತೆ ಕಾಣುತ್ತದೆ. ನನಗೆ ನಗು ಬರಲಿಲ್ಲ. ಅವರ ದಿನ ಹೇಗಿರುತ್ತದೆ ಎಂದು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ.

ಮೈತ್ರಿ 1989ರಿಂದ ನಡೆದುಬಂದಿರುವ ಕೇಂದ್ರ. ಶಿರ್ಮಾಖರ್ ಓಯಸಿಸ್ ಎಂಬ ಬಂಡೆನೆಲದ ಮೇಲೆ, ಹಡಗು ನಿಲ್ಲುವ ಹಿಮದಂಚಿನಿಂದ ಸುಮಾರು ನೂರು ಕಿಲೋಮೀಟರ್ ಒಳಗಿದೆ. ಅದರ ಮುಖ್ಯ ಕಟ್ಟಡ 25 ಮಂದಿಗೆಂದು ಕಟ್ಟಿದ್ದು. ವಿಜ್ಞಾನಿಗಳಿರುತ್ತಾರೆ, ಹವಾಮಾನ ಇಲಾಖೆಯವರು ಬಲೂನು ಹಾರಿಸಿ ಓಜೋನ್ ಅಳೆಯುತ್ತಾರೆ, ಭೂಕಾಂತ ಸಂಸ್ಥೆಯವರು ಕಾಂತಕ್ಷೇತ್ರ ಅಳೆಯುತ್ತಾರೆ. ಪತ್ರಿಕೆಗಳಲ್ಲಿ ಬರುವುದು ಇವರ ಸುದ್ದಿ. ಆದರೆ ಕೇಂದ್ರ ಬದುಕಿರುವುದು ಡಾಕ್ಟರು, ಅಡುಗೆಯವರು, ಎಲೆಕ್ಟ್ರಿಷಿಯನ್, ಬಡಗಿ, ಪಿಸ್ಟನ್ ಬುಲ್ಲಿ ಎಂಬ ಹಿಮವಾಹನ ಓಡಿಸುವವರು ಮತ್ತು ನಿಮ್ಮ ಮನೆಯವರಂಥ ಜನರೇಟರ್ ನೋಡಿಕೊಳ್ಳುವವರಿಂದ. ಜನರೇಟರ್ ನಿಂತರೆ ಬರೀ ದೀಪ ಹೋಗುವುದಿಲ್ಲ. ಬಿಸಿ ಹೋಗುತ್ತದೆ, ಪಕ್ಕದ ಪ್ರಿಯದರ್ಶಿನಿ ಸರೋವರದಿಂದ ಬರುವ ನೀರು ಪೈಪಿನಲ್ಲೇ ಹೆಪ್ಪುಗಟ್ಟುತ್ತದೆ. ಉಳಿದವರು ಒಂದು ದಿನ ಅಳತೆ ತಪ್ಪಿಸಿದರೆ ಅಂಕಿ ಒಂದು ಕಡಿಮೆಯಾಗುತ್ತದೆ, ಇವರು ತಪ್ಪಿದರೆ ಎಲ್ಲರ ಜೀವಕ್ಕೆ ಬರುತ್ತದೆ. ರಾತ್ರಿ ಎಂಜಿನ್ನಿನ ಸದ್ದಿನಲ್ಲಿ ಸಣ್ಣ ಬದಲಾವಣೆಯಾದರೂ ಎಚ್ಚರವಾಗುವ ನಿದ್ದೆ ಅದು. ಆ ಭಾರ ಹೊತ್ತವರು ಫೋನಿನಲ್ಲಿ ಅದನ್ನು ಹೇಳುವುದಿಲ್ಲ, ಹೇಳಿದರೆ ನೀವು ಹೆದರುತ್ತೀರಿ ಎಂದು.

ಕೆಲಸ ಮುಗಿಸಿದ ಮೇಲೆ ಗ್ಯಾಲಿ ಡ್ಯೂಟಿ. ಅಡುಗೆಮನೆಗೆ ಅಲ್ಲಿ ಹಡಗಿನವರಂತೆ ಗ್ಯಾಲಿ ಎನ್ನುತ್ತಾರೆ. ಸರದಿಯ ಮೇಲೆ ಎಲ್ಲರೂ, ಲೀಡರೂ ಸೇರಿ, ತರಕಾರಿ ಹೆಚ್ಚಬೇಕು, ಪಾತ್ರೆ ತೊಳೆಯಬೇಕು, ನೆಲ ಒರೆಸಬೇಕು. (ನಿಮ್ಮವರು ಬಂದಮೇಲೆ ಈ ಅಭ್ಯಾಸ ಬಿಡದಂತೆ ನೋಡಿಕೊಳ್ಳಿ!) ಊಟದ ಮೇಜಿನಲ್ಲಿ ಅದೇ ಮುಖಗಳು, ಅದೇ ಜೋಕುಗಳು. ಒಬ್ಬ ಚಮಚ ಬಡಿಯುವ ಸದ್ದು, ಇನ್ನೊಬ್ಬ ಕೆಮ್ಮುವ ರೀತಿ, ಇವು ಏಪ್ರಿಲ್‌ನಲ್ಲಿ ಗಮನಕ್ಕೇ ಬರುವುದಿಲ್ಲ, ಆಗಸ್ಟಿನಲ್ಲಿ ಸಹಿಸಲಾಗುವುದಿಲ್ಲ. ಬ್ಲಿಜರ್ಡ್, ಅಂದರೆ ಹಿಮದ ಬಿರುಗಾಳಿ, ಎದ್ದರೆ ಯಾರೂ ಹೊರಗೆ ಕಾಲಿಡುವಂತಿಲ್ಲ. ಗಾಳಿ ತಗ್ಗಿದ ದಿನ ಸುಮಾರು ಐದು ಕಿಲೋಮೀಟರ್ ದೂರದ ರಷ್ಯನ್ನರ ಕೇಂದ್ರ ನೊವೊಲಜಾರೆವ್‌ಸ್ಕಯಾಕ್ಕೆ ಹೋಗಿಬಂದರೆ ಅದೇ ಊರು ತಿರುಗಿ ಬಂದ ಹಾಗೆ. ಇಲ್ಲಿ ನಿಮಗೆ ನೆರೆಯವಳ ಮೇಲೆ ಸಿಟ್ಟು ಬಂದರೆ ವಾಸ್ಕೊ ಮಾರ್ಕೆಟ್ಟಿಗೆ ಹೋಗಿ ಮೀನು ತಂದುಕೊಂಡು ಸಿಟ್ಟು ಇಳಿಸಿಕೊಂಡು ಬರುತ್ತೀರಿ. ಅವರು ಎಲ್ಲಿಗೆ ಹೋಗಬೇಕು?

ಸಾಮಾನು ಬರುವುದು ವರ್ಷಕ್ಕೊಮ್ಮೆ, ಹಡಗಿನಲ್ಲಿ. ಹಸಿ ತರಕಾರಿ ಮುಗಿದು ಎಷ್ಟೋ ಕಾಲವಾಗಿರುತ್ತದೆ, ಉಳಿದದ್ದು ಶೈತ್ಯ ಪೆಟ್ಟಿಗೆಯದು, ಡಬ್ಬಿಯದು. ಹಸಿವಿಗೇನೂ ಕೊರತೆಯಿಲ್ಲ, ರುಚಿಗೆ ಬರ. ಅಂಥ ಕಡೆ ಮನೆಯ ಕೈರುಚಿ ಎಂದು ಉಳಿದಿದ್ದು ನೀವು ಹಾಕಿಕೊಟ್ಟ ಆ ಒಂದು ಡಬ್ಬಿ. ಅದನ್ನು ಯಾರೋ ಕೇಳದೆ ಬಳಿದು ತಿಂದರು ಎಂದರೆ ಅವರಿಗೆ ಉಪ್ಪಿನಕಾಯಿ ಹೋಯಿತು ಎನ್ನಿಸಿಲ್ಲ, ಮನೆ ಹೋಯಿತು ಎನ್ನಿಸಿದೆ. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕೊಡಲಾರೆ. ಮನಸ್ಸು ಹೋದವರು ಡಬ್ಬಿಗಾಗಿ ಮಾತು ಬಿಡುವುದಿಲ್ಲ. ಮುಂದಿನ ಸಲ ಈ ಮಾತು ಬಂದರೆ ‘ಹೋಗಲಿ ಬಿಡ್ರಿ’ ಎನ್ನಬೇಡಿ. ‘ಅವನು ಕೇಳಬೇಕಿತ್ತು, ನಿಮಗೆ ಸಿಟ್ಟು ಬಂದದ್ದು ಸರಿ’ ಎನ್ನಿ. ಅಷ್ಟು ಸಾಕು. ರಾಜಿ ಮಾಡಿಸುವುದು ಅಲ್ಲಿನ ಲೀಡರ್ ಕೆಲಸ, ನಿಮ್ಮದಲ್ಲ.

ಸಂಬಂಧಿಕರ ನಗೆಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಹೌದು, ಹೆಂಗಸರು ಹೋಗುತ್ತಾರೆ. ಸುದೀಪ್ತ ಸೇನ್‌ಗುಪ್ತ, ಅದಿತಿ ಪಂತ್ 1983ರ ಕೊನೆಗೆ ಹೊರಟ ತಂಡದಲ್ಲೇ ಹೋಗಿದ್ದರು. ಇಸ್ರೊದ ಮಂಗಳಾ ಮಣಿ 56ರ ವಯಸ್ಸಿನಲ್ಲಿ, 2016–17ರಲ್ಲಿ, ನಮ್ಮ ಇನ್ನೊಂದು ಕೇಂದ್ರವಾದ ಭಾರತಿಯಲ್ಲಿ 403 ದಿನ ಇದ್ದು ಉಪಗ್ರಹದ ಕೆಲಸ ನಡೆಸಿದರು. 23 ಮಂದಿಯ ತಂಡದಲ್ಲಿ ಹೆಣ್ಣುಮಗಳು ಅವರೊಬ್ಬರೇ. ಅಲ್ಲಿಗೆ ಹೋಗುವ ಹೆಂಗಸಿನ ಬಗ್ಗೆ ಹಲ್ಲುಕಿರಿಯುವವರು ಆ 403 ದಿನಗಳನ್ನು ಒಮ್ಮೆ ಎಣಿಸಿ ನೋಡಲಿ.

ಮೈದುನ ತೋರಿಸಿದ ವಿಡಿಯೊ ಸುಳ್ಳಲ್ಲ. ದಕ್ಷಿಣ ಆಫ್ರಿಕಾದ ಸನೆ ಕೇಂದ್ರದಲ್ಲಿ 2025ರಲ್ಲಿ ಒಬ್ಬ ಸದಸ್ಯ ಹಲ್ಲೆ ಮಾಡಿದ, ಬೆದರಿಸಿದ ಎಂಬ ದೂರು ಬಂದು ಜಗತ್ತಿಗೆಲ್ಲ ಗೊತ್ತಾಯಿತು. ಆದರೆ ಅದು ಸುದ್ದಿಯಾದದ್ದು ಅಪರೂಪವಾದ್ದರಿಂದ. ಮಾತು ಬಿಡುವುದು, ಮುಖ ಊದಿಸುವುದು, ಕೋಣೆಯ ಬಾಗಿಲು ಹಾಕಿಕೊಳ್ಳುವುದು ಎಲ್ಲ ಕೇಂದ್ರಗಳಲ್ಲೂ ನಡೆಯುತ್ತದೆ, ಅದು ಸುದ್ದಿಯಾಗುವುದಿಲ್ಲ. ಅಮೆರಿಕದ ಕೇಂದ್ರಗಳಲ್ಲಿ ಚಳಿಗಾಲ ಕಳೆದವರನ್ನು ಪರೀಕ್ಷಿಸಿದಾಗ ಚಿಕಿತ್ಸೆ ಬೇಕಾಗುವಂಥ ಮಾನಸಿಕ ತೊಂದರೆ ಕಂಡದ್ದು ನೂರಕ್ಕೆ ಸುಮಾರು ಐದು ಮಂದಿಯಲ್ಲಿ. ಹಾಗೆಂದು ನಿಶ್ಚಿಂತೆಯಾಗಿರಿ ಎಂದು ನಾನು ಹೇಳುತ್ತಿಲ್ಲ. ಆ ಐವರಲ್ಲಿ ಇವರಿಲ್ಲ ಎಂದು ಪತ್ರ ಓದಿ ಹೇಳಲಾಗದು.

ಆದ್ದರಿಂದ ಇಷ್ಟನ್ನು ಗಮನಿಸಿ. ವಾರಗಟ್ಟಲೆ ನಿದ್ದೆಯೇ ಇಲ್ಲ ಎನ್ನುವುದು. ಊಟಕ್ಕೆ ಬರದೆ ಕೋಣೆಯಲ್ಲೇ ಉಳಿಯುವುದು. ಕೆಲಸಕ್ಕೆ ಹೋಗದಿರುವುದು, ಇದು ಮುಖ್ಯ. ಮನೆಯವರ ಮೇಲೆ ರೇಗುತ್ತಾ ಕೆಲಸ ಸರಿಯಾಗಿ ಮಾಡುತ್ತಿರುವವರು ಬೇರೆ, ಕೆಲಸವೇ ಬೇಡವಾದವರು ಬೇರೆ. ಎಲ್ಲರೂ ಸೇರಿ ನನ್ನ ವಿರುದ್ಧ ಏನೋ ಮಾಡುತ್ತಿದ್ದಾರೆ ಎಂಬ ಮಾತು ಮತ್ತೆ ಮತ್ತೆ ಬರುವುದು. ಕುಡಿತ ಮಿತಿಮೀರುವುದು. ಎಲ್ಲಕ್ಕಿಂತ, ‘ಇದ್ದು ಏನು ಪ್ರಯೋಜನ’ ಎಂಬಂಥ ಮಾತು, ಅದು ತಮಾಷೆಗೆ ಬಂದರೂ ಸರಿ. ಇವುಗಳಲ್ಲಿ ಒಂದು ಕಂಡರೂ ಅಂದೇ ಹೆಡ್‌ಲ್ಯಾಂಡ್ ಸಡಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ಫೋನು ಮಾಡಿ, ಅಥವಾ ಹೋಗಿ. ನಿಮಗೆ ಬಸ್ಸಿನಷ್ಟು ದೂರ. ದೇಶದ ಬೇರೆ ಮೂಲೆಗಳಲ್ಲಿ ಕೂತಿರುವ ಉಳಿದ ಸದಸ್ಯರ ಮನೆಯವರಿಗೆ ಆ ಅನುಕೂಲವಿಲ್ಲ. ತಂಡದಲ್ಲಿ ಡಾಕ್ಟರು ಇದ್ದೇ ಇರುತ್ತಾರೆ. ನೀವು ಕೇಳಬೇಕಾದದ್ದು ‘ವಾಪಸ್ ಕರೆಸಿ’ ಎಂದಲ್ಲ, ‘ಡಾಕ್ಟರು ಒಮ್ಮೆ ಕೂರಿಸಿಕೊಂಡು ಮಾತಾಡಲಿ’ ಎಂದು. ಇದು ಚಾಡಿಯಲ್ಲ. ಯಂತ್ರ ಕೆಡುವ ಮೊದಲು ಸದ್ದು ಕೇಳಿ ಹೇಳುವವರನ್ನು ನಿಮ್ಮ ಮನೆಯವರೇ ಮೆಚ್ಚುತ್ತಾರೆ. ಕೆಲಸಕ್ಕೆ ಕುತ್ತು ಬಂದೀತೆಂದು ಬಾಯಿ ಮುಚ್ಚಿಕೊಂಡಿದ್ದು ಜೀವಕ್ಕೆ ಕುತ್ತು ತಂದುಕೊಳ್ಳಬಾರದು.

ವಾಪಸ್ ಕರೆಸುವುದು ಏಕೆ ಆಗದು ಎಂದರೆ, ಚಳಿಗಾಲದಲ್ಲಿ ಹಿಮಗಟ್ಟಿದ ಸಮುದ್ರಕ್ಕೆ ಹಡಗು ಹೋಗುವುದಿಲ್ಲ, ವಿಮಾನಗಳು ಕೇಪ್‌ಟೌನಿನಿಂದ ಹಾರಲು ಶುರುವಾಗುವುದೇ ಬೇಸಿಗೆ ಬಂದಮೇಲೆ. 2016ರ ಜೂನಿನಲ್ಲಿ ಅಮೆರಿಕದವರ ದಕ್ಷಿಣ ಧ್ರುವ ಕೇಂದ್ರದಿಂದ ಇಬ್ಬರು ರೋಗಿಗಳನ್ನು ಸಣ್ಣ ವಿಮಾನದಲ್ಲಿ ಹೊರತಂದದ್ದು ಜಗತ್ತಿನ ಸುದ್ದಿಯಾಗಿತ್ತು. ಜೀವ ಹೋಗುವ ಹೊತ್ತಿನಲ್ಲಿ ಮಾಡುವ ಸಾಹಸ ಅದು.

ಇಲ್ಲಿಯವರೆಗೆ ಅವರ ಮಾತಾಯಿತು. ನನಗೆ ಹೆಚ್ಚು ಹೇಳಬೇಕಿರುವುದು ನಿಮ್ಮ ಬಗ್ಗೆ. ನಿಮ್ಮ ಮನೆಯವರನ್ನು ದೆಹಲಿಯ ಏಮ್ಸ್‌ನಲ್ಲಿ ಅಡಿಯಿಂದ ಮುಡಿವರೆಗೆ ಪರೀಕ್ಷೆ ಮಾಡಿದರು, ಮನಸ್ಸಿನ ಪರೀಕ್ಷೆಯೂ ಆಯಿತು. ಉತ್ತರಾಖಂಡದ ಔಲಿಯಲ್ಲಿ ಐಟಿಬಿಪಿ ಗಡಿ ಪಡೆಯವರು ಹಿಮದಲ್ಲಿ ನಡೆಯುವುದು, ಬಿದ್ದರೆ ಏಳುವುದು ಕಲಿಸಿದರು. ಬಟ್ಟೆ, ಬೂಟು ಕೊಟ್ಟರು. ನಿಮಗೆ? ಒಂದು ಸಂಜೆ ಸೂಟ್‌ಕೇಸು ಹೊರಟಿತು, ಮರುದಿನ ಬೆಳಗ್ಗೆಯಿಂದ ಗಂಡ–ಹೆಂಡತಿ ಇಬ್ಬರ ಕೆಲಸವೂ ನಿಮ್ಮ ತಲೆಗೆ ಬಂತು. ಅವರು ಒಂಟಿಯಾಗಿ ಹೋಗಲಿಲ್ಲ, ಇಪ್ಪತ್ತಕ್ಕೂ ಹೆಚ್ಚು ಜನರ ಜೊತೆ ಹೋದರು. ಒಂಟಿಯಾದದ್ದು ನೀವು.

ಹಿಂದೆ ಇದು ಒಂದು ರೀತಿಯಲ್ಲಿ ಸುಲಭವಿತ್ತೇನೋ. 1984ರಲ್ಲಿ ಅಂಟಾರ್ಕ್ಟಿಕಾದ ನಮ್ಮ ಮೊದಲ ಕೇಂದ್ರವಾದ ದಕ್ಷಿಣ ಗಂಗೋತ್ರಿಯಲ್ಲಿ ಕರ್ನಲ್ ಸತ್ಯ ಶರ್ಮ ಅವರ ತಂಡ ಮೊದಲ ಬಾರಿ ಚಳಿಗಾಲ ಕಳೆದಾಗ ಮನೆಯವರ ಮುಖ ನೋಡಿ ಮಾತಾಡುವ ಮಾತೇ ಇರಲಿಲ್ಲ. ಅವರು ಅಲ್ಲಿದ್ದಾರೆ, ನಾವು ಇಲ್ಲಿದ್ದೇವೆ, ಮನೆಯನ್ನು ನಾವೇ ನಡೆಸಬೇಕು ಎಂಬುದು ಸ್ಪಷ್ಟವಿತ್ತು. ಈಗ ಫೋನಿನಲ್ಲಿ ಮುಖ ಕಾಣುತ್ತದೆ. ಕಾಣುವುದರಿಂದ ಅವರು ಪಕ್ಕದ ಕೋಣೆಯಲ್ಲಿದ್ದಾರೆ ಎಂದು ನಾವು ಮೋಸಹೋಗುತ್ತೇವೆ, ಸೋರುವ ಶೀಟಿನ ಸಂಗತಿಯನ್ನು ಅವರ ಮುಂದಿಡುತ್ತೇವೆ. ಹತ್ತು ಸಾವಿರ ಕಿಲೋಮೀಟರಿಗೂ ದೂರ ಕೂತವರು ಏಣಿ ಹಾಕಿ ಹತ್ತಲಾರರು. ‘ಹಾರಿ ಬರ್ಲ್ಯಾ’ ಎಂದದ್ದು ನಿಮ್ಮ ಮೇಲಿನ ಸಿಟ್ಟಲ್ಲ, ಕೈಲಾಗದ ಸಂಕಟ. ಶೀಟು ಹಾಕಿಸಿ, ಬಿಲ್ಲು ಕೊಟ್ಟು, ಆಮೇಲೆ ‘ಸೋರುತ್ತಿತ್ತು, ಸರಿಮಾಡಿಸಿದೆ’ ಎಂದು ಹೇಳಿ. ದುಡ್ಡು ಹೆಚ್ಚು ಕೊಟ್ಟೆ ಎಂದು ಬೈದರೆ ಬೈಯಲಿ. ಮುಗಿದ ಕೆಲಸದ ಬೈಗುಳ ಇಬ್ಬರಿಗೂ ಒಳ್ಳೆಯದು.

ಹಾಗೆಂದು ಎಲ್ಲವನ್ನೂ ಮುಚ್ಚಿಡಿ ಎನ್ನುತ್ತಿಲ್ಲ. ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ. ಮನೆಯಲ್ಲಿ ದೊಡ್ಡವರಿಗೆ ಆಸ್ಪತ್ರೆ ಸೇರುವಂಥ ಕಾಯಿಲೆಯಾದರೆ, ಸಾವೇ ಬಂದರೆ, ‘ಅಲ್ಲಿ ಕೂತು ಕೊರಗುತ್ತಾನೆ, ಬಂದಮೇಲೆ ಹೇಳೋಣ’ ಎನ್ನುವ ಮನೆಗಳೇ ಹೆಚ್ಚು. ಬೇಡ. ತಿಂಗಳುಗಟ್ಟಲೆ ಸುಳ್ಳು ಹೇಳಿದ ಮನೆಗೆ ಮರಳಿದವರು ಮತ್ತೆ ಯಾರ ಮಾತನ್ನೂ ಪೂರ್ತಿ ನಂಬುವುದಿಲ್ಲ. ಆದರೆ ಅಂಥ ಸುದ್ದಿಯನ್ನು ನೇರ ಫೋನಿನಲ್ಲೂ ಹೇಳಬೇಡಿ. ಆಫೀಸಿನ ಮೂಲಕ ಲೀಡರಿಗೋ ಡಾಕ್ಟರಿಗೋ ಮೊದಲು ತಿಳಿಸಿ. ಸುದ್ದಿ ಕೇಳುವಾಗ ಪಕ್ಕದಲ್ಲಿ ಒಂದು ಕೈ ಇರಲಿ. ಈ ಬಗ್ಗೆ ಅವರ ಇಷ್ಟವೇನು ಎಂದು ಒಮ್ಮೆ ಸಮಾಧಾನದಲ್ಲಿದ್ದಾಗ ಕೇಳಿ ಇಟ್ಟುಕೊಳ್ಳಿ. ಹೋಗುವ ಮೊದಲೇ ಕೇಳಬೇಕಾದ ಮಾತು ಇದು, ಮುಂದೆ ಹೋಗುವವರ ಮನೆಯವರಾದರೂ ಕೇಳಲಿ.

ಫೋನಿಗೆ ಒಂದು ವಾರ, ಒಂದು ಹೊತ್ತು ಗೊತ್ತುಮಾಡಿ. ದಿನಾ ಕಾಯುವುದು ನಿಮ್ಮನ್ನು ಸುಸ್ತು ಮಾಡುತ್ತದೆ, ದಿನಾ ಮಾಡಲಾಗದ್ದು ಅವರಿಗೆ ಅಪರಾಧ ಎನ್ನಿಸುತ್ತದೆ. ಆ ಹೊತ್ತಿನಲ್ಲಿ ‘ಏಕೆ ಹೀಗಿದ್ದೀರಿ, ಏನಾಗಿದೆ ಹೇಳಿ’ ಎಂದು ಹಿಂಡಬೇಡಿ. ಅವರಿಗೇ ಗೊತ್ತಿಲ್ಲದ ಉತ್ತರವನ್ನು ಕೇಳಿದಂತಾಗುತ್ತದೆ. ಚವತಿಗೆ ಏನೇನು ತಂದಿರಿ, ಮಗ ಗಣಪತಿ ಮುಂದೆ ಏನು ಹಾಡಿದ, ಝುವಾರಿ ಸೇತುವೆ ಮೇಲೆ ಎಂಥ ಮಳೆ ಸುರಿಯಿತು, ಇಂಥದ್ದು ಹೇಳಿ. ಅವರು ಸುಮ್ಮನೆ ಕೇಳುತ್ತಾ ಕೂತರೂ ಸರಿ. ಮಳೆಯ ಸದ್ದು ಕೇಳಿ ಅವರಿಗೆ ಎಷ್ಟು ಕಾಲವಾಯಿತೋ.

ಮಗನ ಕೈಯಲ್ಲಿ ಪತ್ರ ಬರೆಸಿ, ಕಾಗದದ ಮೇಲೆ. ಅಂಟಾರ್ಕ್ಟಿಕಾದ ನಮ್ಮ ಅಂಚೆಗೂ ಗೋವಾಕ್ಕೂ ಹಳೆಯ ನಂಟು: 1984ರಲ್ಲಿ ದಕ್ಷಿಣ ಗಂಗೋತ್ರಿಯಲ್ಲಿ ತೆರೆದ ಅಂಚೆ ಕಚೇರಿ ಗೋವಾ ಅಂಚೆ ವಿಭಾಗಕ್ಕೇ ಸೇರಿತ್ತು. 2024ರ ಏಪ್ರಿಲ್‌ನಲ್ಲಿ ಭಾರತಿಯಲ್ಲೂ ಒಂದು ತೆರೆದಿದ್ದಾರೆ, ವಾಟ್ಸ್‌ಆ್ಯಪ್ ಕಾಲದಲ್ಲಿ! ಈಗ ಬರೆದದ್ದು ಬೇಸಿಗೆಯ ತಂಡದ ಜೊತೆಗೇ ಹೋಗುವುದು, ಆದರೂ ಬರೆಯಿರಿ. ಹೋಗುವವರು ಒಪ್ಪಿದರೆ ಉಪ್ಪಿನಕಾಯಿಯ ಡಬ್ಬಿಯನ್ನೂ ಕೇಳಿನೋಡಿ, ಈ ಸಲ ಎರಡು.

ಇನ್ನು ಅತ್ತೆಯವರು. ಅವರ ಮಾತು ನಿಮಗೆ ಚುಚ್ಚಿದೆ, ನೀವೇ ಕಳಿಸಿದಿರಿ ಎಂಬ ಆರೋಪ ಅದರೊಳಗಿದೆ ಎಂದು. ಇರಲಿಕ್ಕಿಲ್ಲ. ಮಗನ ಮುಖ ಗುರುತು ಹತ್ತದಿರುವುದು ತಾಯಿಗೆ ದೊಡ್ಡ ಭಯ. ಈ ಅಂಕಣವನ್ನು ಅವರಿಗೆ ಓದಿ ಹೇಳಿ, ಸೂರ್ಯ ಬಂದಮೇಲೆಯೇ ಹೀಗಾಗುವುದು ಉಂಟು ಎಂಬ ಭಾಗವನ್ನಾದರೂ.

ನೀವಿರುವ ಊರಿನಲ್ಲಿ ನಿಮ್ಮ ಪಾಡು ಗೊತ್ತಿರುವ ಹೆಂಗಸರು ಬೀದಿಗೊಬ್ಬರಿದ್ದಾರೆ. ಹಡಗಿಗೆ ಹೋಗುವವರನ್ನು ಗೋವಾದವರು ತಾರ್ವಟಿ ಎನ್ನುತ್ತಾರೆ. ಆ ಮನೆಗಳ ಹೆಂಗಸರು ತಲೆಮಾರುಗಳಿಂದ ಆರು ತಿಂಗಳು, ಒಂಬತ್ತು ತಿಂಗಳು ಒಬ್ಬರೇ ಮನೆ ನಡೆಸಿದವರು. ಬ್ಯಾಂಕಿನ ಕೆಲಸ, ಮಕ್ಕಳ ಜ್ವರ, ನಾದಿನಿಯ ಮದುವೆ ಎಲ್ಲವನ್ನೂ ಒಂಟಿ ಕೈಯಲ್ಲಿ ಮಾಡಿದವರು. ನಾನು ಮಾತಾಡಿರುವ ಇಂಥ ಹೆಂಗಸರೆಲ್ಲ ಒಂದು ವಿಷಯದಲ್ಲಿ ಒಮ್ಮತದವರು: ಗಂಡ ಇಲ್ಲದ ತಿಂಗಳುಗಳಿಗಿಂತ ಬಂದ ಮೊದಲ ತಿಂಗಳೇ ಕಷ್ಟ. ಕೊಂಕಣಿ ಅಷ್ಟಿಷ್ಟು ಬಂದರೆ ಸಾಕು, ಒಬ್ಬರನ್ನು ಗೆಳತಿ ಮಾಡಿಕೊಳ್ಳಿ.

ಆ ಮೊದಲ ತಿಂಗಳಿಗೆ ಈಗಿನಿಂದಲೇ ಸಿದ್ಧರಾಗಿ. ವರ್ಷಕ್ಕೂ ಮೇಲ್ಪಟ್ಟು ಹಿಮ, ಬಂಡೆ ಬಿಟ್ಟು ಬೇರೇನೂ ಕಾಣದ ಕಣ್ಣು. ಮಗುವಿನ ಅಳು, ಬಸ್ಸಿನ ಹಾರ್ನು, ಮೀನು ಮಾರ್ಕೆಟ್ಟಿನ ವಾಸನೆ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಬಂದ ವಾರವೇ ಗದಗಿಗೆ ಕರೆದುಕೊಂಡು ಹೋಗಿ, ಹಾರ ಹಾಕಿಸಿ, ನೂರು ಜನರ ಮುಂದೆ ‘ಪೆಂಗ್ವಿನ್ ಹೇಗಿರುತ್ತದೆ’ ಎಂದು ಕೇಳಿಸಬೇಡಿ. ಆ ಸಂಭ್ರಮಕ್ಕೆ ಒಂದು ತಿಂಗಳ ನಂತರದ ತಾರೀಖು ಇಡಿ. ಮನೆಯಲ್ಲಿ ಗ್ಯಾಸ್ ಬುಕ್ಕಿನಿಂದ ಮಗನ ಫೀಸಿನವರೆಗೆ ಎಲ್ಲ ತಾವಿಲ್ಲದೆಯೇ ನಡೆದಿದೆ ಎಂದು ಕಂಡಾಗ ಅವರಿಗೆ ಹೆಮ್ಮೆಯೂ ಆಗುತ್ತದೆ, ತಾನಿಲ್ಲಿ ಬೇಕೇ ಎಂಬ ಅನುಮಾನವೂ ಬರುತ್ತದೆ. ಒಂದೆರಡು ಕೆಲಸ ಅವರಿಗೆಂದು ಉಳಿಸಿ, ಎಲ್ಲವನ್ನೂ ಮರಳಿ ಒಪ್ಪಿಸಬೇಡಿ. ಈ ವರ್ಷ ನೀವು ಕಲಿತದ್ದು ನಿಮ್ಮದು.

ನಿಮ್ಮ ಸಮಾಧಾನಕ್ಕೆ ಒಂದು ಮಾತು. ಅಂಟಾರ್ಕ್ಟಿಕಾದಲ್ಲಿ ಚಳಿಗಾಲ ಕಳೆದ ಅಮೆರಿಕದ ನೌಕಾಪಡೆಯವರನ್ನೂ, ಅದಕ್ಕೆ ಆಯ್ಕೆಯಾಗಿಯೂ ಬೇರೆಡೆ ಕೆಲಸ ಮಾಡಿದವರನ್ನೂ ಹೋಲಿಸಿ ನೋಡಿದ್ದಾರೆ. ಮುಂದಿನ ವರ್ಷಗಳಲ್ಲಿ ಆಸ್ಪತ್ರೆ ಸೇರಿದ್ದು ಹೋಗಿಬಂದವರಲ್ಲೇ ಕಡಿಮೆ. ಅಲ್ಲಿನ ಕಷ್ಟ ಹೆಚ್ಚಿನವರನ್ನು ಮುರಿಯುವುದಿಲ್ಲ.

ಕೊನೆಗೆ ನಿಮ್ಮ ನಿದ್ದೆ. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅವರ ಆರೋಗ್ಯದ ಲೆಕ್ಕ ಇಡಲು ಅಲ್ಲಿ ಡಾಕ್ಟರಿದ್ದಾರೆ, ನಿಮ್ಮದನ್ನು ನೀವೇ ಇಡಬೇಕು. ಇನ್ನೂ ಎರಡು ವಾರ ಹೀಗೆಯೇ ನಿದ್ದೆ ಬಾರದಿದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಅದಕ್ಕೂ ಮೊದಲು ಮಾತಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.